ಸ್ವಿಚ್ ಹಾಕುವ ಮೊದಲು: ಹಳೇ ರೇಡಿಯೊ, ಟೇಪ್, ರೆಕಾರ್ಡ್ ಪ್ಲೇಯರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಅಟ್ಟದಿಂದ ಇಳಿಸಿದ ಸಾಮಾನಿನ ಬಗ್ಗೆಯೇ ಇವೆ. ಹಳೇ ಮನೆ ಕೆಡವಿ ಹೊಸದು ಕಟ್ಟಿಸುವವರು, ಫ್ಲ್ಯಾಟಿಗೆ ಹೋಗುವವರು, ಗುಜರಿಗೆ ಹಾಕೋಕೆ ಮನಸ್ಸು ಬಾರದೆ ಬರೆದಿದ್ದಾರೆ. ಹಾಕಬೇಡಿ. ಒಂದೊಂದಾಗಿ ನೋಡೋಣ.

ಪ್ರಶ್ನೆ: ತಾತನ ಮನೆ ಖಾಲಿ ಮಾಡುವಾಗ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಸಿಕ್ಕಿತು. ಮೂವತ್ತು ವರ್ಷದಿಂದ ಯಾರೂ ಹಾಕಿಲ್ಲ. ವಾಲ್ವ್ ಹೋಗಿರುತ್ತೆ, ಬಿಟ್ಟುಬಿಡು ಅಂತಾರೆ ಮನೆಯಲ್ಲಿ. ಒಂದು ಸಲ ಪ್ಲಗ್ ಹಾಕಿ ನೋಡಲೇ? (ಬಸವನಗುಡಿಯಿಂದ)

ಉತ್ತರ: ದಯವಿಟ್ಟು ಹಾಕಬೇಡಿ. ಈ ಒಂದು ಸಲ ನೋಡೋಣ ಅನ್ನುವುದರಲ್ಲೇ ಎಷ್ಟೋ ಒಳ್ಳೆಯ ಸೆಟ್‌ಗಳು ಸುಟ್ಟುಹೋಗಿವೆ. ಎಲ್ಲರೂ ಮೊದಲು ಅನುಮಾನ ಪಡುವುದು ವಾಲ್ವನ್ನು, ಅಂದರೆ ಒಳಗಿನ ಬಲ್ಬಿನಂಥ ಗಾಜಿನ ಕೊಳವೆಯನ್ನು. ಆದರೆ ನಾನು ಬಿಚ್ಚಿ ನೋಡಿದ ಸೆಟ್‌ಗಳಲ್ಲಿ ವಾಲ್ವ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಚಾರ್ಜ್ ಹಿಡಿದಿಡುವ ಕಂಡೆನ್ಸರ್ (ಕೆಪಾಸಿಟರ್), ರಬ್ಬರ್ ಹೊದಿಕೆಯ ವೈರು, ತುಕ್ಕು ಹಿಡಿದ ಸಾಕೆಟ್ಟು. ಎಲ್ಲ ಕಡಿಮೆ ಬೆಲೆಯ ಸಾಮಾನು.

ಕರೆಂಟ್ ಶುದ್ಧ ಮಾಡುವ ದೊಡ್ಡ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೆ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಅದರ ಮೇಲೆ ತುಂಬಾ ತೆಳುವಾದ ಆಕ್ಸೈಡ್ ಪದರ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಆ ಪದರ ಕ್ಷೀಣಿಸುತ್ತದೆ, ಒಳಗಿನ ದ್ರವವೂ ಒಣಗಿರುತ್ತದೆ. ಅಂಥದ್ದಕ್ಕೆ ಒಮ್ಮೆಗೇ ಇನ್ನೂರೈವತ್ತು ವೋಲ್ಟ್ ಕೊಟ್ಟರೆ ಕರೆಂಟ್ ಸೋರಿ, ಕಾದು, ಕೆಲವೊಮ್ಮೆ ಒಡೆದುಹೋಗುತ್ತದೆ. ಹೋಗುವಾಗ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕಂಡೆನ್ಸರ್ ಅಂಗಡಿಯಲ್ಲಿ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ, ತಂತಿ ಹೊಸದಾಗಿ ಸುತ್ತಿಸಬೇಕು.

ಮೊದಲು ಹಿಂದಿನ ಮುಚ್ಚಳ ತೆಗೆಯಿರಿ. ಇಲಿ ಗೂಡು, ಜಿರಲೆ, ಧೂಳು, ಎಲ್ಲ ಮೆತ್ತಗಿನ ಬ್ರಶ್‌ನಲ್ಲಿ ಗುಡಿಸಿ. ವಾಲ್ವ್ ಗಾಜನ್ನು ಮಾತ್ರ ಉಜ್ಜಬೇಡಿ, ನಂಬರ್ ಅಳಿಸಿಹೋಗುತ್ತದೆ. ಯಾವ ವಾಲ್ವ್ ಯಾವ ಸಾಕೆಟ್ಟಿನಲ್ಲಿತ್ತು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಆ ನಂಬರ್ ಓದಿ. ಇಸಿಎಚ್ 81, ಇಬಿಎಫ್ 89, ಇಎಲ್ 84, ಹೀಗೆ ‘ಇ’ ಇಂದ ಶುರುವಾದರೆ ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಇರಬಹುದು. ಯುಸಿಎಚ್ 81, ಯುಸಿಎಲ್ 82, ಯುವೈ 85, ಹೀಗೆ ‘ಯು’ ಇಂದ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಅದು ಎಸಿ, ಡಿಸಿ ಎರಡೂ ಬಗೆಯ ಕರೆಂಟಿನಲ್ಲಿ ಓಡುವ ಎಸಿ-ಡಿಸಿ ಸೆಟ್. ಅದರಲ್ಲಿ ಮೇನ್ಸನ್ನು ಬೇರೆ ಮಾಡುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ಚಾಸಿ ನೇರವಾಗಿ ಮೇನ್ಸಿನ ಒಂದು ವೈರಿಗೆ ಸೇರಿರುತ್ತದೆ. ಟೂ-ಪಿನ್ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಗೆ 230 ವೋಲ್ಟ್ ಬರುತ್ತದೆ. ನಾಬ್ ಕಿತ್ತುಬಂದು ಬರೀ ಸರಳು ಉಳಿದಿದ್ದರೆ ಅದನ್ನು ಮುಟ್ಟಿದವರಿಗೆ ಜೀವಾಪಾಯ. ಇಂಥ ಸೆಟ್ಟನ್ನು ವಾಲ್ವ್ ಕೆಲಸ ಗೊತ್ತಿರುವವರಿಗೇ ಕೊಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಸೆಟ್ ಆದರೆ ಸೀರೀಸ್ ಬಲ್ಬ್ ಹಾಕಿ ಪರೀಕ್ಷೆ ಮಾಡಬಹುದು. ಹಳೇ ರಿಪೇರಿ ಅಂಗಡಿಗಳಲ್ಲಿ ಗೋಡೆ ಮೇಲೆ ಒಂದು ಬೋರ್ಡು, ಅದರಲ್ಲಿ ಒಂದು ಬಲ್ಬು ನೋಡಿರುತ್ತೀರಿ ಅಲ್ವಾ, ಅದೇ. ರೇಡಿಯೊಗೆ ಹೋಗುವ ಒಂದು ವೈರಿನ ಮಧ್ಯೆ 60 ವಾಟಿನ ಬಲ್ಬ್. ಎಲ್‌ಇಡಿ ಆಗುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಸದ್ಯ ಪರವಾಗಿಲ್ಲ. ಪೂರ್ತಿ ಬೆಳಕಿನಲ್ಲೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ.

ಇನ್ನೊಂದು ಕಂಡೆನ್ಸರ್ ಇದೆ, ಚಿಕ್ಕದು, ಕಣ್ಣಿಗೂ ಬೀಳುವುದಿಲ್ಲ. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಕರೆಂಟ್ ಹತೋಟಿಯಲ್ಲಿಡುವ ಜಾಲರಿಗೆ) ಹಾಡಿನ ಸಿಗ್ನಲ್ ತಂದು ಕೊಡುವ ಕಪ್ಲಿಂಗ್ ಕಂಡೆನ್ಸರ್. ಹಳೇ ಸೆಟ್‌ಗಳಲ್ಲಿ ಅದು ಕಾಗದದ್ದು. ಅದು ಸೋರಲು ಶುರುವಾದರೆ ಹಿಂದಿನ ಹಂತದ ಡಿಸಿ ವೋಲ್ಟೇಜ್ ಗ್ರಿಡ್‌ಗೆ ಬಂದು, ಔಟ್‌ಪುಟ್ ವಾಲ್ವ್ ಅಳತೆ ಮೀರಿ ಕರೆಂಟ್ ಎಳೆಯುತ್ತದೆ. ಕಾಲೇಜಿನಲ್ಲಿದ್ದಾಗ ಸೋದರಮಾವನ ರೇಡಿಯೊ ನನ್ನ ಕೈಯಲ್ಲೇ ಹೀಗೆ ಹೋಯಿತು. ಪ್ಲಗ್ ಹಾಕಿದೆ, ಹಾಡು ಬಂತು, ಮನೆಯವರೆಲ್ಲ ಬಂದು ಸುತ್ತ ಕೂತರು. ಹತ್ತು ನಿಮಿಷದಲ್ಲಿ ವಾಲ್ವ್ ಒಳಗಿನ ತಗಡು ಕೆಂಪಗಾಯಿತು, ಸುಟ್ಟ ವಾಸನೆ ಬಂತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯಿತು. ಮಾವ ಒಂದು ಮಾತೂ ಅನ್ನಲಿಲ್ಲ. ಅದು ಇವತ್ತಿಗೂ ನೆನಪಾಗುತ್ತದೆ. ಅವತ್ತಿನಿಂದ ಯಾವ ವಾಲ್ವ್ ಸೆಟ್ ಬಂದರೂ ಆ ಒಂದು ಕಂಡೆನ್ಸರ್ ಬದಲಾಯಿಸದೆ ನಾನು ಪೂರ್ತಿ ಕರೆಂಟ್ ಕೊಡುವುದಿಲ್ಲ. ಅಷ್ಟೇ ಮೈಕ್ರೋಫ್ಯಾರಡ್ (ಕಂಡೆನ್ಸರ್ ಅಳತೆ) ಇರುವ, 630 ವೋಲ್ಟ್ ತಡೆಯುವ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದರೆ ಸಾಕು.

ದೊಡ್ಡ ಫಿಲ್ಟರ್ ಕಂಡೆನ್ಸರ್ ಬದಲಾಯಿಸುವಾಗ ದೊಡ್ಡದಿದ್ದರೆ ಒಳ್ಳೆಯದು ಅಂತ 50 ಮೈಕ್ರೋಫ್ಯಾರಡ್ ಇದ್ದ ಕಡೆ 220 ಹಾಕಬೇಡಿ. ಅಷ್ಟು ತುಂಬಿಸುವ ಶಕ್ತಿ ಆ ರೆಕ್ಟಿಫೈಯರ್ ವಾಲ್ವ್‌ಗೆ ಇಲ್ಲ. ಸ್ವಿಚ್ ಆರಿಸಿದ ಮೇಲೂ ಈ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. 10 ಕಿಲೋ ಓಮ್, 5 ವಾಟಿನ ರೆಸಿಸ್ಟರ್‌ಗೆ ಎರಡೂ ಕಡೆ ಹೊದಿಕೆ ಇರುವ ವೈರ್ ಕಟ್ಟಿ, ಕಂಡೆನ್ಸರ್‌ನ ಎರಡೂ ತುದಿಗೆ ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ.

ಅಂದ ಹಾಗೆ, ವಾಲ್ವ್ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತ ಇದೆಯಾ ನೋಡಿ. 1954ರಲ್ಲಿ ಶುರುವಾದ ನಮ್ಮ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೊ ವಾಲ್ವ್ ತಯಾರಿಸಿತು. ಹಾಗಿದ್ದರೆ ನಿಮ್ಮ ತಾತನ ರೇಡಿಯೊ ಒಳಗೆ ಬೆಂಗಳೂರಿನಲ್ಲೇ ಹುಟ್ಟಿದ ವಾಲ್ವ್ ಕೂತಿದೆ. ಅದನ್ನು ಬಿಸಾಡಬೇಡಿ.

ಪ್ರಶ್ನೆ: ರೇಡಿಯೊ ರಿಪೇರಿ ಆಗಿ ಬಂತು. ಆದರೆ ಮೀಡಿಯಂ ವೇವ್‌ನಲ್ಲಿ ಬರೀ ಕರಕರ ಸದ್ದು. ಅಂಗಡಿಯವರು ತಮ್ಮ ಹತ್ತಿರ ಚೆನ್ನಾಗಿ ಬರುತ್ತಿತ್ತು ಅಂತಾರೆ. (ರಾಜಾಜಿನಗರ)

ಉತ್ತರ: ಅವರು ಹೇಳುವುದು ನಿಜ ಇರಬಹುದು. ಬ್ಯಾಟರಿಯ ಟ್ರಾನ್ಸಿಸ್ಟರ್ ರೇಡಿಯೊ ಒಂದನ್ನು 612 ಕಿಲೋಹರ್ಟ್ಸ್ ಹತ್ತಿರ ಇಡಿ, ಬೆಂಗಳೂರು ಆಕಾಶವಾಣಿಯ ಜಾಗ ಅದು. ಹಳೇ ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 490. ಈಗ ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತರೆ ತಪ್ಪು ರೇಡಿಯೊದ್ದಲ್ಲ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್, ಟಿವಿ ಡಬ್ಬ, ಇವೆಲ್ಲ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತವೆ, ಆ ಗದ್ದಲ ಮೀಡಿಯಂ ವೇವ್ ಮೇಲೆ ಬೀಳುತ್ತದೆ. ಒಂದೊಂದೇ ಆನ್ ಮಾಡುತ್ತಾ ಹೋದರೆ ಕಳ್ಳ ಸಿಗುತ್ತಾನೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಒಂದೇ ಒಂದು ಬಲ್ಬ್ ಬದಲಾಯಿಸಿದ್ದಕ್ಕೆ ಅರ್ಧ ಸದ್ದು ಹೋಯಿತು. ಏರಿಯಲ್ ವೈರನ್ನು ಕಿಟಕಿಯಿಂದಾಚೆ, ಮನೆಯ ವೈರಿಂಗ್‌ನಿಂದ ದೂರ ಎಳೆಯಿರಿ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಹಳೇ ಆಂಪ್ಲಿಫೈಯರ್ ಮತ್ತು ಬೆಲ್ಟ್ ಇರುವ ಟರ್ನ್‌ಟೇಬಲ್ ತಂದಿದ್ದಾನೆ. ಸ್ಟೆಪ್‌ಡೌನ್ ಹಾಕಿದರೂ ಹಾಡು ನಿಧಾನವಾಗಿ, ಗಡಸು ದನಿಯಲ್ಲಿ ಬರುತ್ತೆ. (ಯಲಹಂಕ)

ಉತ್ತರ: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ನಿಮ್ಮದರಲ್ಲಿ ಇರುವುದು ಎಸಿ ಸಿಂಕ್ರೊನಸ್ ಮೋಟಾರ್, ಅದು ಹರ್ಟ್ಸ್ ಲೆಕ್ಕದಲ್ಲೇ ತಿರುಗುತ್ತದೆ. ಹಾಗಾಗಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಸುಮಾರು 28 ಸುತ್ತು ತಿರುಗುತ್ತಿದೆ. ಮೋಟಾರ್ ಮೇಲಿನ ಹಿತ್ತಾಳೆ ಪುಲ್ಲಿಯನ್ನು ಈಗಿರುವುದಕ್ಕಿಂತ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ದಪ್ಪ ಮಾಡಿಸಿದರೆ ಸರಿಹೋಗುತ್ತದೆ. ಪೀಣ್ಯದಲ್ಲಿ ಲೇತ್ ಇರುವ ಚಿಕ್ಕ ವರ್ಕ್‌ಶಾಪ್‌ಗಳಿಗೆ ಇಂಥ ಕೆಲಸ ಕಷ್ಟವಲ್ಲ, ಹಳೇ ಪುಲ್ಲಿಯನ್ನು ಮಾದರಿಗೆ ಕೊಟ್ಟು ಅಳತೆ ಬರೆದುಕೊಡಿ. ಟೆಕ್ನಿಕ್ಸ್ ಎಸ್‌ಎಲ್-1200 ಥರದ ಡೈರೆಕ್ಟ್ ಡ್ರೈವ್ ಆಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಆಂಪ್ಲಿಫೈಯರ್ ಹಿಂಭಾಗ ವೋಲ್ಟೇಜ್ ಬದಲಾಯಿಸುವ ಸ್ವಿಚ್ ಇದೆಯಾ ನೋಡಿ. ಇದ್ದರೆ 240ಕ್ಕೆ ತಿರುಗಿಸಿ ಸ್ಟೆಪ್‌ಡೌನ್ ಇಲ್ಲದೆಯೇ ಹಾಕಬಹುದು.

ಪ್ರಶ್ನೆ: ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ವಾಲ್ಯೂಮ್ ತಿರುಗಿಸಿದರೆ ಪರಪರ ಅನ್ನುತ್ತೆ, ಎಡಗಡೆ ಸ್ಪೀಕರ್ ಆಗಾಗ ನಿಂತುಹೋಗುತ್ತೆ. ಐಸಿ ಹೋಗಿದೆಯಾ? (ಮಲ್ಲೇಶ್ವರ)

ಉತ್ತರ: ಐಸಿ, ಅಂದರೆ ಒಳಗಿನ ಚಿಪ್, ಅದರ ವಿಷಯ ಆಮೇಲೆ. ಮೊದಲು ಕೊಳೆ. ಪ್ಲಗ್ ಕಿತ್ತು, ವಾಲ್ಯೂಮ್ ಕಂಟ್ರೋಲ್ ಒಳಗೆ ಒಂದೆರಡು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಕೊನೆಯಿಂದ ಕೊನೆಗೆ ಮೂವತ್ತು ನಲವತ್ತು ಸಲ ತಿರುಗಿಸಿ. ಬಾಗಿಲ ಕೀಲಿಗೆ ಹಾಕುವ ಡಬ್ಲ್ಯುಡಿ-40 ಬೇಡ, ಪೆಟ್ರೋಲ್ ಬೇಡ, ಕೊಬ್ಬರಿ ಎಣ್ಣೆ ಅಂತೂ ಬೇಡವೇ ಬೇಡ. ಟೇಪ್ ಮಾನಿಟರ್ ಸ್ವಿಚ್, ಸ್ಪೀಕರ್ ಸ್ವಿಚ್ ಕೂಡ ಹೀಗೇ ಆಡಿಸಿ, ಒಂದು ಪಕ್ಕ ನಿಲ್ಲುವುದು ಎಷ್ಟೋ ಸಲ ಅಲ್ಲಿಂದಲೇ. ಆದರೂ ನಿಂತರೆ ಆಫ್ ಮಾಡಿ ಎಡ-ಬಲ ಸ್ಪೀಕರ್ ವೈರ್ ಅದಲು ಬದಲು ಮಾಡಿ. ಈಗ ಬಲಗಡೆಯದು ನಿಂತರೆ ದೋಷ ಆಂಪ್ಲಿಫೈಯರ್‌ನಲ್ಲಿ ಅಥವಾ ಅದಕ್ಕೂ ಹಿಂದೆ, ಎಡಗಡೆಯದೇ ನಿಂತರೆ ಸ್ಪೀಕರ್‌ನಲ್ಲಿ.

ಇನ್ನೊಂದು ಕೆಲಸ ಖಂಡಿತ ಮಾಡಿ. ಸ್ಪೀಕರ್ ಬಿಚ್ಚಿ, ಹಾಡು ಹಾಕದೆ, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. ಒಂದೆರಡು ವೋಲ್ಟ್ ತೋರಿಸಿದರೆ ಸ್ಪೀಕರ್ ಸೇರಿಸಬೇಡಿ, ಅದರೊಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಸುಡುತ್ತದೆ. ಆಂಪ್ಲಿಫೈಯರ್ ಒಳಗಿನ ಟ್ರಾನ್ಸಿಸ್ಟರ್ ಹೊಸದು ಕೊಳ್ಳಬೇಕಾಗಿ ಬಂದರೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆದರೆ 2ಎನ್3055 ಥರದವಕ್ಕೆ ನಕಲಿ ಬಹಳ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ತೂಕ ಮತ್ತು ಅಕ್ಷರ ಹೋಲಿಸಿ. ತೀರಾ ಹಗುರ ಅನ್ನಿಸಿದರೆ ಬೇರೆ ಅಂಗಡಿ ನೋಡಿ.

ಪ್ರಶ್ನೆ: ಎಲ್‌ಪಿ ಹಾಕುವ ಮುಳ್ಳಿನಲ್ಲೇ 78ರ ಪ್ಲೇಟ್ ಹಾಕಬಹುದೇ? ಪ್ಲೇಟ್‌ಗಳನ್ನು ಸ್ಪಿರಿಟ್‌ನಲ್ಲಿ ಒರೆಸಲೇ? (ಜಯನಗರ)

ಉತ್ತರ: ಎರಡೂ ಬೇಡ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಹಳೇ ಪ್ಲೇಟ್‌ನ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು, ಎಲ್‌ಪಿ ಮುಳ್ಳು 18 ಮೈಕ್ರಾನ್ ಅಷ್ಟೆ. ಅದು ಗೆರೆಯ ತಳಕ್ಕೆ ಇಳಿದು ಕೊಳೆಯಲ್ಲಿ ಓಡುತ್ತದೆ. ಹಳೇ ಪ್ಲೇಯರ್‌ಗಳಲ್ಲಿ ಮುಳ್ಳನ್ನು ತಿರುಗಿಸುವ ಪುಟ್ಟ ಹಿಡಿ ಇರುತ್ತದೆ, ಒಂದು ಪಕ್ಕ 78ಕ್ಕೆ, ಇನ್ನೊಂದು ಎಲ್‌ಪಿಗೆ. 78ರ ಪ್ಲೇಟ್‌ನಲ್ಲಿರುವುದು ಅರಗು, ಸ್ಪಿರಿಟ್ ಅದನ್ನು ಕರಗಿಸುತ್ತದೆ. ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಲೇಬಲ್ ನೆನೆಯದ ಹಾಗೆ.

ಪ್ರಶ್ನೆ: ಅಮ್ಮ ಹಾಡಿದ ದೇವರನಾಮಗಳ ಕ್ಯಾಸೆಟ್ ಇದೆ, ಒಂದೇ ಪ್ರತಿ. ಅಮ್ಮ ಈಗಿಲ್ಲ. ಹಳೇ ಡೆಕ್ ತೆಗೆದೆ, ಅದು ಬೇರೆ ಕ್ಯಾಸೆಟ್ಟಿನ ಟೇಪನ್ನು ತಿಂದುಹಾಕಿತು. (ವಿಜಯನಗರ)

ಉತ್ತರ: ಬೇರೆ ಕ್ಯಾಸೆಟ್ ಹಾಕಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಅಮ್ಮನ ಕ್ಯಾಸೆಟ್ಟನ್ನು ಡೆಕ್ ಪೂರ್ತಿ ಸರಿಹೋಗುವ ತನಕ ಹತ್ತಿರಕ್ಕೂ ತರಬೇಡಿ.

ಟೇಪ್ ತಿನ್ನುವುದು ಯಾಕೆ ಅಂದರೆ, ತಿರುಗುವ ಸರಳು ಮತ್ತು ರಬ್ಬರ್ ಗಾಲಿ ಸೇರಿ ಟೇಪನ್ನು ಮುಂದೆ ತಳ್ಳುತ್ತಲೇ ಇರುತ್ತವೆ, ಆ ಕಡೆ ಸುತ್ತಿಕೊಳ್ಳಬೇಕಾದ ಚಕ್ರ ಮಾತ್ರ ಸೋತಿರುತ್ತದೆ. ಟೇಪ್ ಹೋಗಲು ಜಾಗವಿಲ್ಲದೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಚಕ್ರ ಸೋಲುವುದು ಬೆಲ್ಟ್ ಸಡಿಲವಾಗಿ. ಇಷ್ಟು ವರ್ಷಕ್ಕೆ ಕೆಲವು ಬೆಲ್ಟ್‌ಗಳು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತವೆ. ಗ್ಲೌಸ್ ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಿಂದ ಪುಲ್ಲಿಗಳನ್ನು ಪೂರ್ತಿ ಒರೆಸಿ, ತಾಳ್ಮೆ ಬೇಕು. ಹೊಸ ಬೆಲ್ಟ್‌ಗೆ, ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದು ಅದಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ ಸುತ್ತಳತೆಯದು ತನ್ನಿ. ಹಣದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿದರೆ ಹಾಡು ಅಲೆಯುತ್ತದೆ. ಸರಳು, ಟೇಪ್ ಓದುವ ಹೆಡ್, ರಬ್ಬರ್ ಗಾಲಿ, ಮೂರನ್ನೂ ಒರೆಸಿ. ಗಾಲಿ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಬದಲಾಯಿಸಿ.

ಆಮೇಲೆ ಕ್ಯಾಸೆಟ್. ಬೆಳಕಿಗೆ ಹಿಡಿದು ಕಿಟಕಿಯಿಂದ ನೋಡಿ. ಟೇಪ್ ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದರೆ ಅದು ಬೂಷ್ಟು, ನಮ್ಮ ಮಳೆಗಾಲದ ಥಂಡಿಗೆ ಬರುವಂಥದ್ದು. ಹಾಗಿದ್ದರೆ ಹಾಕಬೇಡಿ, ಟೇಪ್ ಸ್ವಚ್ಛ ಮಾಡುವುದು ಗೊತ್ತಿರುವವರ ಕೈಗೆ ಕೊಡಿ. ಮಧ್ಯದಲ್ಲಿ ಹೆಡ್ ಹತ್ತಿರ ಒಂದು ಚಿಕ್ಕ ಉಣ್ಣೆ ಪ್ಯಾಡ್ ಇರುತ್ತದೆ, ಅದರ ಗೋಂದು ಒಣಗಿ ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ಆಗ ಸ್ಕ್ರೂ ಇರುವ ಬೇರೆ ಕ್ಯಾಸೆಟ್ ತೆಗೆದುಕೊಂಡು, ಎರಡು ಸುರುಳಿಗಳನ್ನೂ ನಿಧಾನವಾಗಿ ಅದರ ಚಿಪ್ಪಿಗೆ ವರ್ಗ ಮಾಡಿ. ಹಿಂಭಾಗದ ಎರಡು ಪ್ಲಾಸ್ಟಿಕ್ ಹಲ್ಲು ಮುರಿದಿರಬೇಕು, ಇಲ್ಲದಿದ್ದರೆ ತಪ್ಪಿ ರೆಕಾರ್ಡ್ ಒತ್ತಿದರೆ ಅಮ್ಮನ ದನಿ ಅಳಿಸಿಹೋಗುತ್ತದೆ.

ಬೇರೆ ಕ್ಯಾಸೆಟ್ ಎರಡೂ ಬದಿ ಪೂರ್ತಿ ಓಡಿದ ಮೇಲೆ, ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ವೈರ್ ಹಾಕಿ, ರೆಕಾರ್ಡಿಂಗ್ ಶುರುವಾಗಿದೆ ಅಂತ ಎರಡು ಸಲ ನೋಡಿಕೊಂಡು, ಅಮ್ಮನ ಕ್ಯಾಸೆಟ್ ಹಾಕಿ. ಮೊದಲ ಸಲ ಕೇಳುವಾಗಲೇ ರೆಕಾರ್ಡ್ ಆಗಲಿ. ದನಿ ಮಂದ ಅನ್ನಿಸಿದರೆ ಅರ್ಧಕ್ಕೆ ನಿಲ್ಲಿಸಿ ನನಗೆ ಬರೆಯಿರಿ, ಹೆಡ್‌ನ ಓರೆ ಸರಿಮಾಡುವ ಸ್ಕ್ರೂ ಎಲ್ಲಿದೆ, ಎಷ್ಟು ತಿರುಗಿಸಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.