ಎರಡು ವರ್ಷದ ಅಗ್ಗದ ಬರ್ಬನ್: ಕೊಟ್ಟ ಕಾಸಿಗೆ ಮೋಸವಿಲ್ಲವೇ?

“ಇಪ್ಪತ್ತು ಡಾಲರ್ ಕೊಟ್ಟು ಎರಡು ವರ್ಷದ ಸ್ಟ್ರೇಟ್ ಬರ್ಬನ್ ತಂದೆ. ಗಂಟಲು ಸುಟ್ಟಿತು, ಹಸಿ ಮರ ಅಗಿದ ಹಾಗಾಯಿತು. ಆರು ವರ್ಷ ತುಂಬದ ಬಾಟಲಿಗೆ ಹಾಕಿದ ದುಡ್ಡು ದಂಡ ಅಂತಾರೆ ಗೆಳೆಯರು. ನಿಜವಾ?” ಎಂದು ಕೇಳಿದ್ದೀರಿ. ಬರ್ಬನ್ ಅಂದರೆ ಮೆಕ್ಕೆಜೋಳವೇ ಮುಖ್ಯವಾದ ಅಮೆರಿಕದ ವಿಸ್ಕಿ; ಇಲ್ಲಿ ಹೇಳುವ ವರ್ಷ ಅದು ಓಕ್ ಮರದ ಬ್ಯಾರೆಲ್ಲಿನಲ್ಲಿ ಕಳೆದ ಕಾಲ. ಸ್ಟ್ರೇಟ್ ಅಂದರೇನು ಅಂತ ಮುಂದೆ ಹೇಳುತ್ತೇನೆ.

ಗಂಟಲು ಸುಟ್ಟದ್ದನ್ನು ಸದ್ಯಕ್ಕೆ ಬದಿಗಿಡಿ. ದಿನದ ಮೊದಲ ಗುಟುಕು ಯಾವ ವಿಸ್ಕಿಯದ್ದಾದರೂ ಸುಡುತ್ತದೆ. ಅದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಬಾಯಿ ಒಗ್ಗಿಕೊಳ್ಳಲಿ ಅಂತ ಕುಡಿಯುತ್ತೇನೆ ಅಷ್ಟೆ. ಗ್ಲಾಸಿಗೆ ಸ್ವಲ್ಪ ಸುರಿದು ಹತ್ತು ನಿಮಿಷ ಸುಮ್ಮನೆ ಬಿಡಿ. ಮೂಗನ್ನು ಒಳಗೆ ತೂರಿಸಬೇಡಿ. ಬಾಯಿ ತುಸು ತೆರೆದುಕೊಂಡು ಗ್ಲಾಸಿನ ಅಂಚಿನಿಂದ ಮೂಸಿ. ಎರಡನೇ ಗುಟುಕಿನಿಂದ ಶುರು ಮಾಡಿ.

ಎಳಸು ಬರ್ಬನ್ನಿನಲ್ಲಿ ಬಲಿತದ್ದರ ಗುಣ ಹುಡುಕುತ್ತಾ ಕೂತರೆ ಬೇಸರವೇ ಗತಿ. ಎರಡು ವರ್ಷಕ್ಕೆ ಮರ ಹೆಚ್ಚೇನನ್ನೂ ಮುಚ್ಚಿಟ್ಟಿರುವುದಿಲ್ಲ, ಭಟ್ಟಿಯಿಂದ ಇಳಿದದ್ದು ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ನಾಲಿಗೆಗೆ ಸಿಗುತ್ತದೆ. ಹಾಗಾಗಿ ನಾನು ನೋಡುವುದು ಒಂದೇ: ಭಟ್ಟಿಯವನು ಕೆಲಸ ಬಲ್ಲವನೋ ಅಲ್ಲವೋ. ಬರ್ಬನ್ನಿಗೆ ಬಳಸುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಲೇಬೇಕು ಎನ್ನುತ್ತದೆ ಅಮೆರಿಕದ ಕಾನೂನು. ಆದ್ದರಿಂದ ಜೋಳದ ಸಿಹಿ ಮುಂದೆ ನಿಂತರೆ ಅದು ದೋಷವಲ್ಲ, ಅದರ ಹುಟ್ಟುಗುಣ. ರೈ ಎಂಬ ಧಾನ್ಯ ಹೆಚ್ಚಿದ್ದರೆ ಕಾಳುಮೆಣಸಿನ ಚುರುಕು ಬರುತ್ತದೆ; ರೈ ಜಾಗದಲ್ಲಿ ಗೋಧಿ ಇದ್ದರೆ ಮೆತ್ತಗಿರುತ್ತದೆ. ದೋಷ ಅಂದರೆ ನೇಲ್ ಪಾಲಿಶ್ ಅಳಿಸುವ ದ್ರವದ ಘಾಟು, ಇಲ್ಲವೇ ಒದ್ದೆ ರಟ್ಟಿನ ಕಮಟು. ಭಟ್ಟಿಯಲ್ಲಿ ಮೊದಲು ಇಳಿಯುವುದನ್ನೂ ಕೊನೆಗೆ ಇಳಿಯುವುದನ್ನೂ ಸರಿಯಾದ ಹೊತ್ತಿಗೆ ಬೇರೆ ಮಾಡದಿದ್ದರೆ ಇವು ಉಳಿದುಕೊಳ್ಳುತ್ತವೆ. ನಿಮ್ಮ ಗ್ಲಾಸಿನಲ್ಲಿ ಇವೆರಡೂ ಇಲ್ಲ ಅಂದರೆ ಅರ್ಧ ಗೆದ್ದಿರಿ.

ಇನ್ನು ಹಸಿ ಮರ. ಬರ್ಬನ್ ಇಡುವ ಓಕ್ ಬ್ಯಾರೆಲ್ ಹೊಸದೇ ಆಗಿರಬೇಕು, ಒಳಗೋಡೆ ಸುಟ್ಟು ಕರಿಕಾಗಿರಬೇಕು. ಬಣ್ಣ ಬೆರೆಸುವಂತಿಲ್ಲ. ಬಣ್ಣ, ವೆನಿಲ್ಲಾ, ಕ್ಯಾರಮೆಲ್ಲಿನ ಸಿಹಿ ಎಲ್ಲವೂ ಆ ಸುಟ್ಟ ಮರದಿಂದ ಬೇಗನೆ ಇಳಿಯುತ್ತವೆ. ಜೊತೆಗೆ ಒಗರೂ ಇಳಿಯುತ್ತದೆ. ಒಗರು ಹದಕ್ಕೆ ಬರಲು ಮಾತ್ರ ಗಾಳಿ ಬೇಕು, ಕಾಲ ಬೇಕು. ಬಣ್ಣ ನೋಡಿ ನಾನೇ ಮೋಸಹೋಗಿದ್ದೇನೆ. ಸಣ್ಣ ತಯಾರಕರೊಬ್ಬರ ಬಾಟಲಿ, ಮಹಾಗನಿಯಂಥ ಕಡುಬಣ್ಣ, ನಲವತ್ತೈದು ಡಾಲರ್. ಮನೆಗೆ ತಂದು ಕುಡಿದರೆ ಹೊಸ ಪೆನ್ಸಿಲ್ ಕೆತ್ತಿದ ರುಚಿ. ಆಮೇಲೆ ಲೇಬಲ್ ಓದಿದೆ (ಮೊದಲೇ ಓದಬೇಕಿತ್ತು): ಪುಟ್ಟ ಬ್ಯಾರೆಲ್ಲಿನಲ್ಲಿ ಒಂದು ವರ್ಷವೂ ತುಂಬಿರಲಿಲ್ಲ. ಮಾಮೂಲಿ ಬ್ಯಾರೆಲ್ 53 ಗ್ಯಾಲನ್ನಿನದು, ಅಂದರೆ ಸುಮಾರು 200 ಲೀಟರ್. ಸಣ್ಣದರಲ್ಲಿ ಮದ್ಯಕ್ಕೆ ತಾಗುವ ಮರ ಹೆಚ್ಚು. ಬಣ್ಣ ಓಡಿಬರುತ್ತದೆ, ಹದ ಬರುವುದಿಲ್ಲ.

ನಿಮ್ಮ ಬಾಟಲಿಯಲ್ಲಿ ಹಸಿ ಮರ ಎಷ್ಟಿದೆ ಅಂತ ನೋಡಲು ಒಂದು ಸಣ್ಣ ಚಮಚ ನೀರು ಹಾಕಿ. ನೀರು ಬಿದ್ದ ಮೇಲೆ ವೆನಿಲ್ಲಾ, ಜೋಳ ಹೊರಬಂದು ಒಗರು ಹಿಂದೆ ಸರಿದರೆ ಸರಕು ಚೆನ್ನಾಗಿದೆ. ನೀರು ಹಾಕಿದರೂ ಒಗರೊಂದೇ ಉಳಿದರೆ, ಸಕ್ಕರೆ ಮತ್ತು ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ) ಹಾಕಿ ಓಲ್ಡ್ ಫ್ಯಾಷನ್ಡ್ ಎಂಬ ಕಾಕ್ಟೇಲ್ ಮಾಡಿ ಮುಗಿಸಿ. ಖಾಲಿ ಗ್ಲಾಸನ್ನು ತೊಳೆಯದೆ ಇಟ್ಟು ಬೆಳಗ್ಗೆ ಮೂಸುವ ಅಭ್ಯಾಸವೂ ನನಗಿದೆ. ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಆದರೆ ಆಲ್ಕೋಹಾಲ್ ಹಾರಿಹೋದ ಮೇಲೆ ಉಳಿದ ವಾಸನೆ ಸುಳ್ಳು ಹೇಳುವುದಿಲ್ಲ.

ಈಗ ದುಡ್ಡಿನ ಮಾತು. ಗೆಳೆಯರ ಆರು ವರ್ಷದ ಗೆರೆಯನ್ನು ನಾನು ಒಪ್ಪುವುದಿಲ್ಲ, ಆದರೆ ನಾಲ್ಕು ವರ್ಷದ ಗೆರೆಯೊಂದು ಕಾನೂನಿನಲ್ಲೇ ಇದೆ. ಸ್ಟ್ರೇಟ್ ಅಂದರೆ ಕನಿಷ್ಠ ಎರಡು ವರ್ಷ. ನಾಲ್ಕು ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಅಂದರೆ ವಯಸ್ಸೇ ಬರೆಯದ ಸ್ಟ್ರೇಟ್ ಬರ್ಬನ್ ನಾಲ್ಕು ತುಂಬಿದ್ದು! ಇದನ್ನು ತಿಳಿಯದೆ, ‘2 ವರ್ಷ’ ಅಂತ ಬರೆದದ್ದನ್ನೇ ಏನೋ ಹೆಚ್ಚುಗಾರಿಕೆ ಅಂದುಕೊಂಡು ಕೊಳ್ಳುವವರಿದ್ದಾರೆ.

ನನ್ನ ಅಳತೆಗೋಲು ಬಾಟಲ್ಡ್ ಇನ್ ಬಾಂಡ್. 1897ರ ಕಾಯ್ದೆಯಿಂದ ಬಂದ ಹೆಸರು ಅದು: ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ ನಾಲ್ಕು ವರ್ಷ, ಸರಿಯಾಗಿ 100 ಪ್ರೂಫ್, ಅಂದರೆ 50% ಆಲ್ಕೋಹಾಲ್. ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ ಈ ಜಾತಿಯದು, ನೀವು ಕೊಟ್ಟ ದುಡ್ಡಿನ ಆಸುಪಾಸಿನಲ್ಲೇ ಸಿಗುತ್ತದೆ. ನಿಮ್ಮದು 80 ಪ್ರೂಫ್, ಅಂದರೆ 40% ಆಗಿದ್ದರೆ 750 ಮಿಲಿಲೀಟರಿನಲ್ಲಿ ಆಲ್ಕೋಹಾಲ್ 300, ಇದರಲ್ಲಿ 375. ನೀರು ಬೆರೆಸಿ ನಿಮ್ಮ ಹದಕ್ಕೆ ಇಳಿಸಿದರೆ ಇದು ಸುಮಾರು 937 ಮಿಲಿಲೀಟರ್ ಆಗುತ್ತದೆ. ಮನೆಯ ನಲ್ಲಿಯಲ್ಲಿ ಬರುವ ನೀರಿಗೆ ನಾನಂತೂ ಬರ್ಬನ್ನಿನ ಬೆಲೆ ಕೊಡಲಾರೆ. ಹಾಗಾಗಿ ಇಪ್ಪತ್ತು ಡಾಲರಿನ ಎರಡು ವರ್ಷದ್ದು ಈ ಬಾಟಲಿಯ ಪಕ್ಕದಲ್ಲಿ ನಿಂತು ಗೆಲ್ಲಬೇಕು. ಅದೇ ಹದಿಮೂರು ಹದಿನಾಲ್ಕು ಡಾಲರಿಗೆ ಸಿಕ್ಕಿ, ಘಾಟಿಲ್ಲದೆ ಶುದ್ಧವಾಗಿದ್ದರೆ, ಸೋಡಾ ಬೆರೆಸಿ ಕುಡಿಯಲು ನಾನೂ ತರುತ್ತೇನೆ.

ತೀರ್ಪು ಕೊಡುವ ಮುಂಚೆ ಲೇಬಲ್ ಕಾಣದಂತೆ ಕುಡಿದು ನೋಡಿ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬರ್ಬನ್, ಮೂರನೆಯದರಲ್ಲಿ ಇನ್ನೊಂದು, ಸುರಿಯುವವರು ಬೇರೆಯವರಾಗಿರಲಿ. ಬೇರೆಯದು ಯಾವುದೆಂದು ಹೇಳಲಾಗದಿದ್ದರೆ ಅಗ್ಗದ್ದನ್ನೇ ಕೊಳ್ಳಿ. ವಯಸ್ಸಿನ ಬಗ್ಗೆ ಭಾರಿ ಭಾಷಣ ಬಿಗಿದಿದ್ದ ಒಂದು ಸಂಜೆ ಹೆಂಡತಿ ನನಗೆ ಹೀಗೆ ಸುರಿದುಕೊಟ್ಟಳು. ಮೊದಲ ಸಲ ತಪ್ಪು ಹೇಳಿದೆ. ಇನ್ನೊಂದು ಸಲ ಅಂತ ಗೋಗರೆದು ಸುರಿಸಿಕೊಂಡೆ. ಆಗಲೂ ತಪ್ಪೇ.