ನಂಬಿಕೆ ಹೋಯ್ತು, ಭಾನುವಾರ ಬಂದೇ ಬರ್ತದೆ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಾಸ್ಟರ್. ವಯಸ್ಸು 36. ಅಪ್ಪನೂ ಪಾಸ್ಟರ್ ಆಗಿದ್ದರು. ಈಗೀಗ ದೇವರಿದ್ದಾನೆ ಅಂತ ನನಗೆ ಅನಿಸುತ್ತಲೇ ಇಲ್ಲ. ಯಾರ ಮೇಲೂ ಸಿಟ್ಟಿಲ್ಲ, ಓದುತ್ತಾ ಓದುತ್ತಾ ನಂಬಿಕೆ ಹೋಗಿಬಿಟ್ಟಿತು. ಆದರೂ ಭಾನುವಾರ ಪ್ರಸಂಗ ಮಾಡುತ್ತೇನೆ, ಕೇಳಿ ಜನ ಕಣ್ಣೀರು ಹಾಕುತ್ತಾರೆ. ಇರೋ ಮನೆ ಚರ್ಚಿನದು. ಇಬ್ಬರು ಮಕ್ಕಳ ಫೀಸು ಬೇರೆ. ಹೋದ ತಿಂಗಳು ಅಜ್ಜಿಯೊಬ್ಬರು, "ಅಯ್ಯಾ, ನೀವು ಪ್ರಾರ್ಥನೆ ಮಾಡಿದ ಮೇಲೆ ಶುಗರ್ ಸೂಜಿ ಬಿಟ್ಟೀನಿ" ಅಂದರು. ನಾನು ಸುಮ್ಮನಿದ್ದೆ. ನಾನು ಮೋಸಗಾರನೇ? ರಾಜೀನಾಮೆ ಕೊಡಲೇ? ಹೆಂಡತಿಗೂ ಹೇಳಿಲ್ಲ.
— ಹೆಸರು ಬೇಡ

ಉತ್ತರ: ಪಾಸ್ಟರ್ ಅವರೇ, ರಾಜೀನಾಮೆ ಆಮೇಲೆ. ಮೊದಲು ಆ ಅಜ್ಜಿ ಮನೆಗೆ ಹೋಗಿ, ಇವತ್ತೇ. ಅವರನ್ನ ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿಂಗಳಿಂದ ಬಿಟ್ಟ ಸೂಜಿಯನ್ನ ಮನೆಯಲ್ಲೇ ಹಳೇ ಲೆಕ್ಕದಲ್ಲಿ ಶುರು ಮಾಡೋದು ಬೇಡ, ಡಾಕ್ಟರ್ ಹೇಳಿದಷ್ಟೇ ತಗೊಳ್ಳಲಿ. ಪಾಸ್ಟರೇ ಹೇಳಿದರು ಅಂದರೆ ಅವರು ಕೇಳುತ್ತಾರೆ. ಇದಕ್ಕೂ ನಿಮ್ಮ ನಂಬಿಕೆಗೂ ಸಂಬಂಧವೇ ಇಲ್ಲ, ಗಟ್ಟಿ ಭಕ್ತಿಯ ಪಾಸ್ಟರ್ ಆಗಿದ್ದರೂ ಅವತ್ತು ಬಾಯಿ ಬಿಡಲೇಬೇಕಿತ್ತು.

ನೀವು ಮೋಸಗಾರರಾ? ನಂಬಿಕೆ ಹೋದದ್ದು ಮೋಸ ಅಲ್ಲ, ಅದನ್ನ ನೀವು ಬೇಕು ಅಂತ ಕಳ್ಕೊಂಡಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಪಾಸ್ಟರ್ ಅಂದರೆ ಬರೀ ಪ್ರಸಂಗ ಮಾಡೋರಾ? ರೇಷನ್ ಕಾರ್ಡಿನ ಅರ್ಜಿ ತುಂಬೋದು, ಕುಡಿದು ಬಂದ ಗಂಡನಿಗೆ ಬುದ್ಧಿ ಹೇಳೋದು, ರಾತ್ರಿ ಹೆರಿಗೆ ನೋವು ಬಂದರೆ ಬೀದರ್‌ಗೆ ಗಾಡಿ ಮಾಡಿಸೋದು, ಸತ್ತವರ ಮನೆಯಲ್ಲಿ ಕೂರೋದು, ಎಲ್ಲ ನೀವೇ ಅಲ್ವಾ. ಅದರಲ್ಲಿ ಸುಳ್ಳೇನಿದೆ? ಆದರೆ "ದೇವರು ವಾಸಿ ಮಾಡ್ತಾನೆ" ಅಂತ ಮಾತು ಕೊಡೋದು, ಅದರ ಹೆಸರಲ್ಲಿ ಕಾಣಿಕೆ ಎತ್ತೋದು ಮೋಸವೇ. ಅದನ್ನ ಈ ಭಾನುವಾರದಿಂದ ನಿಲ್ಲಿಸಿ.

ನೀವು ಒಬ್ಬರೇ ಅಂದ್ಕೋಬೇಡಿ. ಫ್ರಾನ್ಸಿನಲ್ಲಿ ಝಾನ್ ಮೆಲಿಯೆ ಅಂತ ಹಳ್ಳಿಯ ಪಾದ್ರಿಯೊಬ್ಬರು ಜೀವಮಾನವಿಡೀ ಪೂಜೆ ನಡೆಸಿ 1729ರಲ್ಲಿ ತೀರಿಕೊಂಡರು. ಆಮೇಲೆ ಸಿಕ್ಕ ಬರಹ ನೋಡಿದರೆ, ಅವರು ಪಕ್ಕಾ ನಾಸ್ತಿಕರು! (ಸತ್ತ ಮೇಲೆ ಹೇಳಿದರೆ ಕ್ವಾರ್ಟರ್ಸ್ ಖಾಲಿ ಮಾಡೋ ತಾಪತ್ರಯ ಇಲ್ಲ ನೋಡಿ.) 2010ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್ ಮತ್ತು ಸಂಶೋಧಕಿ ಲಿಂಡಾ ಲಾಸ್ಕೋಲಾ ಇಂಥ ಐವರು ಪಾಸ್ಟರ್‌ಗಳನ್ನ ಮಾತಾಡಿಸಿ ಅಧ್ಯಯನ ಪ್ರಕಟಿಸಿದರು. ಐವರೂ ಆಗ ಕೆಲಸದಲ್ಲೇ ಇದ್ದವರು. ಮರುವರ್ಷ ಇಂಥವರಿಗಾಗಿಯೇ ಕ್ಲರ್ಜಿ ಪ್ರಾಜೆಕ್ಟ್ ಅಂತ ಆನ್‌ಲೈನ್ ಗುಂಪು 52 ಜನರಿಂದ ಶುರುವಾಯಿತು. ಅಲ್ಲಿ ಬೇರೆ ಹೆಸರಿಟ್ಟುಕೊಂಡು ಮಾತಾಡಬಹುದು. ಇಂಗ್ಲಿಷ್ ಓದೋಕೆ ಬಂದರೆ ನೋಡಿ.

ಆದರೆ ವೇದಿಕೆ ಹತ್ತಿ ಘೋಷಣೆ ಮಾಡೋ ಆತುರ ಬೇಡ. ಫ್ಲೋರಿಡಾದ ಮೆಥಡಿಸ್ಟ್ ಪಾಸ್ಟರ್ ತೆರೇಸಾ ಮ್ಯಾಕ್‌ಬೇನ್ 2012ರಲ್ಲಿ ನಾಸ್ತಿಕರ ಸಮಾವೇಶದಲ್ಲೇ ಹೇಳಿಬಿಟ್ಟರು, ಕೆಲಸ ಹೋಯಿತು. ಕೆನಡಾದ ಪಾಸ್ಟರ್ ಗ್ರೆಟಾ ವಾಸ್ಪರ್ ಮಾತ್ರ ನಾಸ್ತಿಕಳು ಅಂತ ಹೇಳಿಕೊಂಡೂ 2018ರಲ್ಲಿ ತಮ್ಮ ಚರ್ಚಿನ ಜೊತೆ ರಾಜಿಯಾಗಿ ಹುದ್ದೆ ಉಳಿಸಿಕೊಂಡರು. ಅವರ ಸಭೆ ಅವರ ಬೆನ್ನಿಗಿತ್ತು. ನಿಮ್ಮ ಕಮಿಟಿಯವರು ಹಾಗೆ ನಿಲ್ಲುತ್ತಾರಾ? ನನಗಂತೂ ಅನುಮಾನ.

ಮೊದಲು ಹೇಳಬೇಕಾದದ್ದು ಹೆಂಡತಿಗೆ. ಅವರು ಅಳಬಹುದು, ರೇಗಬಹುದು, "ಪ್ರಾರ್ಥನೆ ಮಾಡೋಣ ಬನ್ನಿ" ಅಂತಲೂ ಅನ್ನಬಹುದು. ವಾದಕ್ಕೆ ಇಳಿಯಬೇಡಿ. ನಿಮ್ಮನ್ನ ದಿನಾ ನೋಡುವವರು, ಏನೋ ಆಗಿದೆ ಅಂತ ಅವರಿಗೆ ಆಗಲೇ ಗೊತ್ತಿದ್ದರೂ ಇರಬಹುದು. ಆಮೇಲೆ ಇಬ್ಬರೂ ಕೂತು ಬಾಡಿಗೆ, ಫೀಸು, ಸಾಲ ಲೆಕ್ಕ ಹಾಕಿ ಒಂದು ಗಡುವು ಇಟ್ಟುಕೊಳ್ಳಿ. ಗಡುವಿಲ್ಲದಿದ್ದರೆ ಹಾಗೇ ರಿಟೈರ್ ಆಗಿಬಿಡ್ತೀರಿ.

ಪಾಸ್ಟರ್‌ಗಳು ಓದೋ ಬಿ.ಡಿ. (ದೇವಶಾಸ್ತ್ರದ) ಪದವಿಗೆ ಚರ್ಚಿನ ಹೊರಗೆ ಜಾಸ್ತಿ ಬೆಲೆ ಇಲ್ಲ. ಬಿ.ಎ. ಆಗಿದ್ದರೆ ಅಂಕಪಟ್ಟಿ ಹುಡುಕಿಡಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಮಾಡಿಸಿ. ಸರ್ಕಾರಿ ಕೆಲಸಕ್ಕೆ ವಯಸ್ಸಿನ ಮಿತಿ ಇದೆ, ತಡ ಮಾಡಬೇಡಿ. ಖಾಸಗಿ ಶಾಲೆ, ಹಾಸ್ಟೆಲ್ ವಾರ್ಡನ್, ಎನ್‌ಜಿಒ ಕೆಲಸಕ್ಕೆ ಕಲಬುರಗಿ ಕಡೆಯೂ ವಿಚಾರಿಸಿ. ಚರ್ಚಿನವರ ಶಾಲೆ ಮಾತ್ರ ಬೇಡ, ಅಲ್ಲೂ ಅದೇ ಕಮಿಟಿಯವರೇ ಇರ್ತಾರೆ.