ಬಾಗಿಲಿನಿಂದ ಶುರು ಮಾಡಿ

ಆತ್ಮೀಯರೇ,

ಗೋಣಿಕೊಪ್ಪಲಿನಿಂದ ನೀವು ಕಳಿಸಿದ ‘ಕಾಂಕ್ರೀಟಿಗೂ ಆಯಾಸ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡಬೇಡಿ. ನಿಜವಾದ ಲೇಖನ ನಿಮ್ಮ ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ.

ಅಲ್ಲಿ ನಿಮ್ಮ ಸೋದರಮಾವನ ಕಾಫಿ ಗೋದಾಮು ಬರುತ್ತದೆ. ಆರು ಮೀಟರಿನ ಬೀಮು, ಅದರಡಿ ಅಡ್ಡಗೋಡೆ, ಗೋಡೆಯಲ್ಲೊಂದು ಬಾಗಿಲು. ಮೂರನೇ ವರ್ಷದಿಂದ ಬಾಗಿಲು ಕಚ್ಚುತ್ತಿದೆ. ಪ್ರತಿ ಜೂನ್‌ನಲ್ಲಿ ಮಾವ ಬಡಗಿಯನ್ನು ಕರೆಸಿ ಮೇಲಂಚು ಹೆರೆಸುತ್ತಾರೆ. ಇದನ್ನು ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ! ಕೊಡಗಿನ ಓದುಗರು ಮೊದಲು ಕೇಳುವುದೇ ಇದನ್ನು: ಮಳೆಗೆ ಮರ ಉಬ್ಬಿತೋ, ಬೀಮು ಜಗ್ಗಿತೋ? ಫೆಬ್ರವರಿಯ ಬಿಸಿಲಿಗೆ ಬಾಗಿಲು ಸಡಿಲವಾದರೆ ಮರದ ಮೇಲೆ ಅನುಮಾನ. ಆಗಲೂ ಕಚ್ಚಿದರೆ ಬೀಮಿನ ಮೇಲೆ. ಹೋಗಿ ನೋಡಿ, ಆಮೇಲೆ ಬರೆಯಿರಿ.

ಶೀರ್ಷಿಕೆಯೂ ತಪ್ಪು. ಭಾರ ಮತ್ತೆ ಮತ್ತೆ ಬಂದು ಹೋಗುವುದರಿಂದ ಆಗುವುದು ಆಯಾಸ. ಇಲ್ಲಿ ಭಾರ ಕದಲದೆ ಕೂತಿದೆ, ಕಾಂಕ್ರೀಟು ವರ್ಷಗಟ್ಟಲೆ ಮೆಲ್ಲಗೆ ಮಣಿಯುತ್ತಿದೆ. ಅದು ಕ್ರೀಪ್. ಒಣಗುತ್ತ ಕುಗ್ಗುವ ಶ್ರಿಂಕೇಜ್ ಅದರ ಜೊತೆಗೂಡುತ್ತದೆ.

ನಿಮ್ಮ ಲೆಕ್ಕದಲ್ಲಿ ಎಡವಿದ್ದೂ ಇಲ್ಲೇ. ಎಂ20 ದರ್ಜೆಯ ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಮಣಿಯದೆ ತಡೆಯುವ ಬಿಗಿ, ಚದರ ಮಿ.ಮೀ.ಗೆ 22,360 ನ್ಯೂಟನ್ ಎಂದು ಹಿಡಿದು ಹತ್ತು ವರ್ಷದ ಬಾಗನ್ನೂ ಅದರಿಂದಲೇ ತೆಗೆದಿದ್ದೀರಿ. ಭಾರತದ ಕಾಂಕ್ರೀಟು ಸಂಹಿತೆ ಐಎಸ್ 456:2000 ಪ್ರಕಾರ, ಕಾಂಕ್ರೀಟು ಹಾಕಿದ 28ನೇ ದಿನ ಭಾರ ಬಿದ್ದರೆ ಕ್ರೀಪ್ ಗುಣಾಂಕ (ಭಾರ ಬಿದ್ದೊಡನೆ ಮಣಿದದ್ದರ ಎಷ್ಟು ಪಟ್ಟು ಆಮೇಲೆ ಸೇರುತ್ತದೆ ಎಂಬ ಲೆಕ್ಕ) 1.6. ಆಗ ಆ 22,360 ಅನ್ನು, ಒಂದಕ್ಕೆ 1.6 ಕೂಡಿಸಿ ಬಂದ 2.6ರಿಂದ ಭಾಗಿಸಬೇಕು, ಸುಮಾರು 8,600 ಉಳಿಯುತ್ತದೆ. ಏಳನೇ ದಿನವೇ ಬಿದ್ದರೆ ಗುಣಾಂಕ 2.2, ಉಳಿಯುವುದು ಏಳು ಸಾವಿರದಷ್ಟು. ಹಾಗೆಂದು ಬಾಗು ಅಷ್ಟೇ ಪಟ್ಟು ಹೆಚ್ಚುವುದಿಲ್ಲ, ಏಕೆಂದರೆ ಒಳಗಿನ ಕಂಬಿ ಕಾಂಕ್ರೀಟಿನಂತೆ ಮಣಿಯುವುದಿಲ್ಲ. ಇನ್ನೊಂದು ಕಡೆ ಬೀಮಿನಡಿ ಬಿಟ್ಟ ಸಣ್ಣ ಬಿರುಕುಗಳು ಅದರ ಬಿಗಿಯನ್ನು ತಗ್ಗಿಸುತ್ತವೆ. ಎರಡನ್ನೂ ಲೆಕ್ಕಕ್ಕೆ ತನ್ನಿ.

ಬೇರೊಂದು ಮನೆಗೆ ಹಲಗೆ ಬೇಕೆಂದು ಮೇಸ್ತ್ರಿ ಏಳೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದರು ಎಂದು ನೀವೇ ಬರೆದಿದ್ದೀರಿ. ಆರು ಮೀಟರಿನವರೆಗಿನ ಬೀಮಿನ ಆಸರೆಯನ್ನು ಅದೇ ಸಂಹಿತೆ 14 ದಿನ ಇರಿಸಲು ಹೇಳುತ್ತದೆ. ಇಡೀ ಕಥೆಯ ಕೀಲಿ ಆ ಸಾಲು, ನೀವು ಅದನ್ನು ಕಂಸದೊಳಗೆ ಹಾಕಿದ್ದೀರಿ.

ಮೇಲಿನ ಅಟ್ಟದ ಕಾಫಿ ಮೂಟೆಗಳು ಎಷ್ಟು ತಿಂಗಳು ಕೂತಿದ್ದವು? ಬೆಲೆಗೆ ಕಾದು ಇಡೀ ವರ್ಷ ಇಟ್ಟಿದ್ದರೆ ಅದು ಬಂದು ಹೋಗುವ ಭಾರವಲ್ಲ, ಕ್ರೀಪಿಗೆ ಸೇರುವ ಭಾರ. ಮಾವನನ್ನು ಕೇಳಿ. ಈ ಪ್ರಶ್ನೆ ನಮ್ಮ ಜಿಲ್ಲೆಯವರಿಗಲ್ಲದೆ ಇನ್ಯಾರಿಗೆ ಹೊಳೆದೀತು?

‘16.8 ಮಿ.ಮೀ., ಮಿತಿ 17, ಆದ್ದರಿಂದ ಸುರಕ್ಷಿತ’ ಎಂದಿದ್ದೀರಿ. ಗೋಡೆ ಕಟ್ಟಿದ ಮೇಲಿನ ಬಾಗಿಗೆ ಮಿತಿ ಬೀಮಿನ ಆಸರೆಗಳ ನಡುವಿನ ಅಂತರದ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದು. ಹಾಗಾಗಿ 17 ಸರಿಯೇ. ಆದರೆ ಇದು ಬೀಳುವ ಮಿತಿಯಲ್ಲ, ಗೋಡೆ ಸೀಳದಿರಲಿ, ಬಾಗಿಲು ಕಚ್ಚದಿರಲಿ ಎಂಬ ಮಿತಿ. ಇಂಥ ಮುನ್ಸೂಚನೆಯಲ್ಲಿ ದಶಾಂಶಕ್ಕೆ ಬೆಲೆಯಿಲ್ಲ. ಇಷ್ಟರಿಂದ ಇಷ್ಟರೊಳಗೆ ಎಂದು ಬರೆಯಿರಿ.

ಪೆಸಿಫಿಕ್ ದ್ವೀಪರಾಷ್ಟ್ರ ಪಲಾವುವಿನ ಸೇತುವೆಯ ಎರಡು ಪುಟ ತೆಗೆಯಿರಿ. ನಡುವಿನ ಅಂತರ 241 ಮೀಟರ್ ಇದ್ದ 1977ರ ಆ ಸೇತುವೆ ಒಂದು ಮೀಟರಿಗೂ ಹೆಚ್ಚು ಜಗ್ಗಿ, ರಿಪೇರಿಯಾದ ಕೆಲವೇ ತಿಂಗಳಲ್ಲಿ 1996ರಲ್ಲಿ ಕುಸಿದದ್ದು ನಿಜ. ಅದು ಪ್ರೀಸ್ಟ್ರೆಸ್ಡ್, ಅಂದರೆ ಒಳಗಿನ ಉಕ್ಕನ್ನು ಎಳೆದು ಬಿಗಿದು ಮೊದಲೇ ಒತ್ತಿಟ್ಟ ಕಾಂಕ್ರೀಟು, ಮಾವನ ಬೀಮಿಗೆ ಹೋಲಿಕೆಯಲ್ಲ.

ಬೀಮಿನ ಎರಡು ತುದಿಗೆ ದಾರ ಬಿಗಿದು ನಡುವಿನ ಜಗ್ಗನ್ನು ಅಳೆದು, ತಾರೀಕು ಹಾಕಿ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಆ ಎರಡು ಅಳತೆಗಳೊಂದಿಗೆ ಬರುವ ಕರಡಿಗೆ ಕಾಯುತ್ತೇನೆ.

ಸಂಪಾದಕ
ಮಡಿಕೇರಿ